ಬಂಗು ಕೊಳೆಯಲ್ಲ, ತಿಕ್ಕಬೇಡಿ

ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯ ಪ್ಲಾಟುಗಳು ಬಹಳ. ಟೊಮೆಟೊ, ಮೆಣಸಿನಕಾಯಿ, ಹತ್ತಿ ಹೂವುಗಳಿಗೆ ಒಂದೊಂದಾಗಿ ಕೈಯಿಂದಲೇ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಅಲ್ಲಿ ನಡೆಯುತ್ತದೆ. ಮಾಡುವವರು ಬಹುತೇಕ ಹೆಂಗಸರು. ಹೂವು ಅರಳುವ ಹೊತ್ತಿಗೆ ಹೊಲದಲ್ಲಿರಲೇಬೇಕು, ಆ ಹೊತ್ತು ಬಿಸಿಲಿನದು. ನಾನು ಈ ಭಾಗದಲ್ಲಿ ಚರ್ಮರೋಗದ ವೈದ್ಯೆ. ಸಂಜೆ ನನ್ನ ಬಳಿಗೆ ಬರುವ ಹೆಂಗಸರಲ್ಲಿ ಇವರೇ ಹೆಚ್ಚು. ಕುರ್ಚಿಯ ಅಂಚಿಗೆ ಕೂತು, ಸೆರಗು ಸರಿಸಿ, ಕಿಟಕಿಯ ಬೆಳಕಿಗೆ ಮುಖ ಒಡ್ಡುತ್ತಾರೆ. ಎರಡೂ ಕೆನ್ನೆಯ ಎಲುಬಿನ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಮೇಲೆ ಕಂದು ಪಟ್ಟೆ.

“ಬಂಗು ಬಿದ್ದೈತ್ರಿ ಮೇಡಮ್ಮಾರ. ಮೊದ್ಲ ಗಲ್ಲದ ಮ್ಯಾಲ ಇಷ್ಟ ಇತ್ತು, ಈಗ ಮಾರಿ ತುಂಬ ಹಬ್ಬೈತಿ. ರಕ್ತ ಕೆಟ್ಟೈತೇನ್ರಿ?”

ರಕ್ತ ಕೆಟ್ಟಿಲ್ಲ, ಪಿತ್ತ ಏರಿಲ್ಲ, ಲಿವರಿಗೆ ಏನೂ ಆಗಿಲ್ಲ. ನಾನು ಮೊದಲು ಹೇಳುವುದೇ ಈ ಮಾತು. ಯಾಕೆಂದರೆ ಮುಖದ ಬಂಗಿಗೆ ಹೆದರಿ ತಿಂಗಳುಗಟ್ಟಲೆ ಉಪ್ಪು-ಹುಳಿ ಬಿಟ್ಟವರನ್ನು, ರಕ್ತಶುದ್ಧಿಯ ಬಾಟಲಿಗೆ ದುಡ್ಡು ಸುರಿದವರನ್ನು ನೋಡಿದ್ದೇನೆ. ಕೆಲವರಿಗೆ ಅದಕ್ಕಿಂತ ದೊಡ್ಡ ಸಂಕಟ ಮನೆಯವರ ಮಾತು. ಮುಖ ಸರಿಯಾಗಿ ತೊಳೆಯುವುದಿಲ್ಲ ಎಂದು ಅತ್ತೆಯಿಂದ ಅನ್ನಿಸಿಕೊಂಡವರಿದ್ದಾರೆ.

ನಮ್ಮ ಚರ್ಮದ ಮೇಲ್ಪದರದ ಅತಿ ಕೆಳಗಿನ ಸಾಲಿನಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಅವಕ್ಕೆ ಮೆಲನೊಸೈಟ್ ಎಂದು ಹೆಸರು. ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ, ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ, ಮೆಲನಿನ್ ಎಂಬ ಬಣ್ಣ ಮಾಡುವುದು ಅವುಗಳ ಕೆಲಸ. ಒಂದೊಂದು ಮೆಲನೊಸೈಟ್ ತನ್ನ ಸಣ್ಣ ಕವಲುಗಳನ್ನು ಚಾಚಿ ನೆರೆಯ ಸುಮಾರು 36 ಕೋಶಗಳಿಗೆ ಬಣ್ಣದ ಕಣಗಳನ್ನು ಹಂಚುತ್ತದೆ. ಪಡೆದ ಕೋಶ ಅವನ್ನು ತನ್ನ ನ್ಯೂಕ್ಲಿಯಸ್ಸಿನ ಮೇಲೆ, ಬಿಸಿಲು ಬೀಳುವ ಬದಿಗೆ, ಕೊಡೆ ಹಿಡಿದ ಹಾಗೆ ಸೇರಿಸಿಕೊಳ್ಳುತ್ತದೆ. ಒಳಗಿನ ಡಿಎನ್‌ಎಗೆ ನೇರಳಾತೀತ ಕಿರಣದ ಪೆಟ್ಟು ಬೀಳದಿರಲಿ ಎಂದು ಈ ಏರ್ಪಾಡು.

ನಾರ್ವೆಯ ಹೆಂಗಸಿಗೂ ಬ್ಯಾಡಗಿಯ ಹೆಂಗಸಿಗೂ ಈ ಕೋಶಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಮ್ಮವು ಚುರುಕು ಹೆಚ್ಚು. ಕಣಗಳು ದೊಡ್ಡವು, ಒಂದಕ್ಕೊಂದು ಅಂಟದೆ ಕೋಶದ ತುಂಬ ಹರಡಿಕೊಳ್ಳುತ್ತವೆ. ಹಾಗಾಗಿ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಅದೇ ಚುರುಕಿನಿಂದ ನಮಗೆ ಕಲೆಗಳು ಜಾಸ್ತಿ. ಕಂದು ಚರ್ಮ ಪೆಟ್ಟು ಬಿದ್ದಾಗಲೆಲ್ಲ ಬಣ್ಣ ಮಾಡುತ್ತದೆ. ಬಿಸಿಲು ಸುಟ್ಟರೂ ಅಷ್ಟೆ, ಮೊಡವೆ ಚಿವುಟಿದರೂ ಅಷ್ಟೆ, ಒರಟು ನಾರಿನಿಂದ ಉಜ್ಜಿದರೂ ಅಷ್ಟೆ. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಬಂಗಿಗೆ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದರಲ್ಲಿ ಮುಕ್ಕಾಲು ಪಾಲು ತಾನಾಗಿ ಹೊಳೆಯುತ್ತದೆ.

ಬಂಗನ್ನು ನಾವು ಮೆಲಾಸ್ಮಾ ಎನ್ನುತ್ತೇವೆ. ಅದಕ್ಕೆ ಒಂದೇ ಕಾರಣ ಇರುವುದಿಲ್ಲ. ಬಿಸಿಲು ಬೇಕು, ಅದಕ್ಕೆ ಒಲಿಯುವ ವಂಶದ ಗುಣ ಬೇಕು, ಹೆಂಗಸರಲ್ಲಿ ಹಾರ್ಮೋನಿನ ಏರಿಳಿತವೂ ಸೇರುತ್ತದೆ. ಬಸುರಿಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎರಡೂ ಏರುತ್ತವೆ. ಎಷ್ಟೋ ಜನಕ್ಕೆ ಬಂಗು ಮೊದಲು ಕಾಣಿಸುವುದು ಆಗಲೇ. ಹೆರಿಗೆಯಾದ ಮೇಲೆ ತಿಂಗಳುಗಳು ಕಳೆದಂತೆ ಹಲವರಲ್ಲಿ ತಾನೇ ಮಾಸುತ್ತದೆ. ಹೀಗಾಗಿ ಬಸುರಿಯರು ಬಾಣಂತಿಯರು ಬಂದರೆ ಬಿಸಿಲಿಗೆ ಮರೆ ಮಾಡಿಕೊಳ್ಳಿ, ಸಮಾಧಾನದಿಂದಿರಿ ಎನ್ನುತ್ತೇನೆ. ಬಂಗಿನ ಬಲವಾದ ಔಷಧಗಳಲ್ಲಿ ಕೆಲವನ್ನು ಆ ಕಾಲದಲ್ಲಿ ಮುಟ್ಟಲೂ ಬಾರದು. ಗರ್ಭನಿರೋಧಕ ಮಾತ್ರೆಯಿಂದಲೂ ಬಂಗು ಬರಬಹುದು. ಇದು ಹೆಂಗಸರ ಕಾಯಿಲೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 200 ಬಂಗಿನ ರೋಗಿಗಳಲ್ಲಿ 41 ಜನ ಗಂಡಸರಿದ್ದರು. ಗಂಡಸರು ಬಂಗಿಗೆಂದು ಬರುವುದಿಲ್ಲ. ಬೇರೇನನ್ನೋ ತೋರಿಸಲು ಬಂದು, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಕೇಳುತ್ತಾರೆ.

ಬಿಸಿಲು ಎಂದಾಗ ನೇರಳಾತೀತ ಕಿರಣ ಒಂದೇ ಎಂದು ನಾವೂ ಬಹುಕಾಲ ನಂಬಿದ್ದೆವು. 2010ರಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ಕಣ್ಣಿಗೆ ಕಾಣುವ ಬೆಳಕನ್ನೇ ಬೇರ್ಪಡಿಸಿ ಚರ್ಮದ ಮೇಲೆ ಬಿಟ್ಟು ನೋಡಿದರು. ಕಂದು, ಕಪ್ಪು ಚರ್ಮದವರಲ್ಲಿ ಅದರಿಂದಲೂ ಗಾಢವಾದ, ಬಹಳ ದಿನ ಉಳಿಯುವ ಕಪ್ಪು ಬಂತು. ಬಿಳಿ ಚರ್ಮದವರಲ್ಲಿ ಬರಲಿಲ್ಲ. ನಮ್ಮಂಥವರ ಬಂಗಿಗೆ ಸಾದಾ ಬಿಳಿ ಸನ್‌ಸ್ಕ್ರೀನ್ ಯಾಕೆ ಸಾಲುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಹೀಗೆ. ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಈ ಬೆಳಕನ್ನೂ ತಡೆಯುತ್ತದೆ. ಆದರೆ ಅಂಥ ಒಂದು ಟ್ಯೂಬಿನ ಬೆಲೆ ಕ್ರಾಸಿಂಗಿಗೆ ಹೋಗುವವರ ಒಂದು ದಿನದ ಕೂಲಿಗಿಂತ ಹೆಚ್ಚು, ಮುಖಕ್ಕೆ ಎರಡು ಬೆರಳುದ್ದ ಬೇಕು, ಬೆವರಿದರೆ ಮತ್ತೆ ಹಚ್ಚಬೇಕು. ಅವರಿಗೆ ನಾನು ಹೇಳುವುದು ಬಟ್ಟೆಯ ಮಾತು. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಗಂಡನ ಹಳೇ ಫುಲ್ ಶರ್ಟ್ ತೊಡುವ ರೂಢಿ ನಮ್ಮ ಹೆಂಗಸರಲ್ಲಿ ಇದ್ದೇ ಇದೆ. ಆ ಶರ್ಟಿನ ತೋಳು ಎತ್ತಿ ನೋಡಿದರೆ ಮೊಣಕೈ ಮೇಲಿನ ಚರ್ಮ ಒಂದು ಬಣ್ಣ, ಅಂಗೈಯ ಹಿಂಬದಿ ಮತ್ತೊಂದು ಬಣ್ಣ. ಹತ್ತು ವರ್ಷ ಬಿಸಿಲಲ್ಲಿ ದುಡಿದ ತೋಳನ್ನು ಒಂದು ಹಳೇ ಶರ್ಟು ಕಾಪಾಡಿರುತ್ತದೆ. ಮುಖಕ್ಕೂ ಅಂಥದ್ದೇ ಮರೆ ಬೇಕು. ತಲೆಗೆ ಕಟ್ಟುವ ಟವೆಲನ್ನು ಹಣೆಯ ಮುಂದೆ ಚಾಚಿ ಕಟ್ಟಿಕೊಳ್ಳಿ, ಒತ್ತಾದ ನೂಲಿನ ಬಟ್ಟೆಯಿಂದ ಕೆನ್ನೆ ಮುಚ್ಚಿ, ಅಗಲ ಅಂಚಿನ ಟೋಪಿ ಸಿಕ್ಕರೆ ಇನ್ನೂ ಒಳ್ಳೆಯದು.

ಗಾಜಿನ ಹಿಂದೆ ಕೂತರೆ ಬಿಸಿಲು ತಾಗುವುದಿಲ್ಲ ಎಂಬುದೂ ಸುಳ್ಳು. ಚರ್ಮ ಸುಡುವ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ, ಒಳಕ್ಕಿಳಿದು ಮುಪ್ಪು ತರುವ ಯುವಿ-ಎ ಕಿರಣದಲ್ಲಿ ಬಹುಪಾಲನ್ನು ಒಳಗೆ ಬಿಡುತ್ತದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಬ್ಬ ಅಮೆರಿಕನ್ ಲಾರಿ ಚಾಲಕನ ಚಿತ್ರ ಬಂದಿತ್ತು. ವಯಸ್ಸು 69, ಲಾರಿ ಓಡಿಸಿದ್ದು 28 ವರ್ಷ. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಆತನ ಬಲಗೆನ್ನೆ ವಯಸ್ಸಿಗೆ ತಕ್ಕಂತಿತ್ತು, ಎಡಗೆನ್ನೆ ದಪ್ಪಗಟ್ಟಿ, ಸುಕ್ಕಿನ ಮೇಲೆ ಸುಕ್ಕು ಬಿದ್ದು, ಇಪ್ಪತ್ತು ವರ್ಷ ಹಿರಿಯನ ಮುಖದಂತೆ ಇಳಿಬಿದ್ದಿತ್ತು. ನಮ್ಮಲ್ಲಿ ಚಾಲಕರ ಸೀಟು ಬಲಕ್ಕೆ. ಬಸ್ಸು ಲಾರಿ ಓಡಿಸುವವರು ಬಂದಾಗ ಎರಡೂ ಮುಂಗೈಗಳನ್ನು ಮೇಜಿನ ಮೇಲೆ ಜೋಡಿಸಿ ಇಡಿಸುತ್ತೇನೆ. ಬಲಗೈ ಕಪ್ಪು ಹೆಚ್ಚು, ಒರಟು ಹೆಚ್ಚು, ಚುಕ್ಕೆಯೂ ಹೆಚ್ಚು.

ವಯಸ್ಸಾದವರ ಕೈ ಮೇಲೆ, ಕೆನ್ನೆಯ ಬದಿಯಲ್ಲಿ ಬರುವ ಚುಕ್ಕೆಗಳೂ ಇದೇ ಜಾತಿ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮೆಲನೊಸೈಟ್‌ಗಳು ಕಡಿಮೆಯಾಗುತ್ತ ಹೋಗುತ್ತವೆ. ಉಳಿದವು ಹಿಗ್ಗಿ, ಬಿಸಿಲು ತಿಂದ ಜಾಗಗಳಲ್ಲಿ ಗುಂಪುಗೂಡುತ್ತವೆ. ಒಂದು ಕಡೆ ಚರ್ಮ ಪೇಲವ, ಪಕ್ಕದಲ್ಲೇ ಕಂದು ಚುಕ್ಕೆ. ಸಾಸಿವೆ ಕಾಳಿನಷ್ಟು ಎದ್ದು ನಿಲ್ಲುವ ಕಪ್ಪು ಗುಳ್ಳೆಗಳು ಬೇರೆ. ಅವು ಮನೆತನದಲ್ಲಿ ಬರುತ್ತವೆ, ಕೆನ್ನೆಗೂ ಕುತ್ತಿಗೆಗೂ ಹಬ್ಬುತ್ತವೆ, ಏನೂ ತೊಂದರೆ ಮಾಡುವುದಿಲ್ಲ. ಬೇಡವೆನಿಸಿದರೆ ಸುಟ್ಟು ತೆಗೆಯಬಹುದು, ಆದರೆ ತೆಗೆಯುವ ಕೈ ಹಗುರವಾಗಿರಬೇಕು. ಸುಣ್ಣ-ಸೋಡ ಕಲಸಿ ಹಚ್ಚಿ ಸುಟ್ಟುಕೊಂಡವರಿಗೆ ಗುಳ್ಳೆ ಹೋದ ಜಾಗದಲ್ಲಿ ಅದಕ್ಕಿಂತ ದೊಡ್ಡ ಕಲೆ ಉಳಿದಿರುತ್ತದೆ.

ಮನೆಮದ್ದಿನ ವಿಚಾರ ಹೇಳಲೇಬೇಕು. ಹಾಲಿನಲ್ಲಿ ತೇಯ್ದ ಜಾಯಿಕಾಯಿಯನ್ನು ಬಂಗಿಗೆ ಹಚ್ಚುವುದು ನಮ್ಮ ಕಡೆ ಮನೆಮನೆಯ ಮಾತು. ತೆಳುವಾಗಿ ಹಚ್ಚಿ ತೊಳೆದುಕೊಂಡರೆ ಹೆಚ್ಚಿನವರಿಗೆ ಕೇಡಿಲ್ಲ. ಉರಿ ಬಂದರೂ ‘ಹಿಡೀತಾ ಐತಿ’ ಎಂದು ಸಹಿಸಿಕೊಂಡು ಕೂರುವುದೇ ತಪ್ಪು. ನಿಂಬೆರಸದ ವಿಷಯದಲ್ಲಿ ಮಾತ್ರ ನಾನು ಖಂಡಿತವಾಗಿ ಬೇಡ ಎನ್ನುತ್ತೇನೆ. ನಿಂಬೆಯಲ್ಲಿರುವ ಸೊರಾಲೆನ್ ಎಂಬ ವಸ್ತು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯವಾಗುತ್ತದೆ. ಗಾಯ ಮಾಗಿದ ಮೇಲೆ ರಸ ಹರಿದ ದಾರಿಯಲ್ಲೇ ಕಪ್ಪು ಗೆರೆ ಉಳಿಯುತ್ತದೆ. ಮೈ ಉಜ್ಜುವ ಪ್ಲಾಸ್ಟಿಕ್ ನಾರಿನದೂ ಅದೇ ಕಥೆ. ಬೆನ್ನಿನ ಮೇಲ್ಭಾಗ, ತೋಳು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೂದುಗಪ್ಪು ಅಲೆಅಲೆಯಾಗಿ ಕಂಡರೆ ನಾನು ಕೇಳುವ ಮೊದಲ ಪ್ರಶ್ನೆ, “ಯಾವುದರಿಂದ ಮೈ ತಿಕ್ಕೋತೀರಿ?” ಕಪ್ಪಾಯಿತೆಂದು ತಿಕ್ಕುತ್ತಾರೆ, ತಿಕ್ಕಿದ್ದರಿಂದ ಇನ್ನೂ ಕಪ್ಪಾಗುತ್ತದೆ. ಎಷ್ಟೋ ಜನಕ್ಕೆ ನಾರು ಬಿಡಿಸಿದ್ದೇ ಅರ್ಧ ಚಿಕಿತ್ಸೆ. ಕೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದವರಿಗೆ ಹಣೆಯ ಅಂಚು, ಕಿವಿಯ ಮುಂದೆ ಬೂದುಗಪ್ಪು ಹಬ್ಬುತ್ತದೆ. ಕೃತಕ ಬಣ್ಣದ ಕುಂಕುಮ ಒಗ್ಗದಿದ್ದರೆ ಹುಬ್ಬಿನ ನಡುವೆ. 2006ರಲ್ಲಿ ರಾಜ್ಯದಲ್ಲೆಲ್ಲ ಚಿಕುನ್‌ಗುನ್ಯ ಹಬ್ಬಿದಾಗ ಜ್ವರ ಬಿಟ್ಟ ಮೇಲೆ ಮೂಗಿನ ಮೇಲೆ ಕಪ್ಪು ಉಳಿದವರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಕೂಡ ಒಳಗಿನ ಉರಿಗೆ ಚರ್ಮ ಕೊಟ್ಟ ಉತ್ತರವೇ.

ಇವೆಲ್ಲ ಕಾಲ ಕಳೆದಂತೆ ತಿಳಿಯಾಗುವಂಥವು. ನನ್ನ ನಿದ್ದೆ ಕೆಡಿಸುವುದು ಮೆಡಿಕಲ್ ಶಾಪಿನ ಟ್ಯೂಬು.

ಮದುವೆ ಗೊತ್ತಾದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ದುಪಟ್ಟಾ ಸುತ್ತಿಕೊಂಡ ಮುಖ ಬಿಚ್ಚಲು ಹಿಂಜರಿಕೆ. ಕೆನ್ನೆಯಲ್ಲಿ ಸಣ್ಣ ಬಂಗಿತ್ತಂತೆ. ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಒಂದು ಕ್ರೀಮು ಕೊಟ್ಟರು, ಹದಿನೈದು ದಿನದಲ್ಲಿ ಮುಖ ಬೆಳ್ಳಗೆ ಹೊಳೆಯಿತು. ಅಕ್ಕಪಕ್ಕದವರೆಲ್ಲ ಏನು ಹಚ್ಚಿದೆ ಎಂದು ಕೇಳಿ ಅದನ್ನೇ ತರಿಸಿಕೊಂಡರು. ಟ್ಯೂಬು ಮುಗಿದಂತೆಲ್ಲ ಖಾಲಿ ಡಬ್ಬಿ ತೋರಿಸಿ ಮತ್ತೊಂದು ತಂದಳು. “ಈಗ ಹಚ್ಚಿದ್ರ ತಡೀತೈತ್ರಿ, ಬಿಟ್ರ ಬೆಂಕಿ ಇಟ್ಟಂಗ ಉರೀತೈತಿ,” ಎಂದಳು. ಡರ್ಮಟೋಸ್ಕೋಪ್ ಎಂಬ ಭೂತಗನ್ನಡಿ ಇಟ್ಟು ಕೆನ್ನೆ ನೋಡಿದೆ. ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ರಕ್ತನಾಳಗಳು ಕೆಂಪು ಎಳೆಗಳಾಗಿ, ಕವಲೊಡೆದು, ಒಂದನ್ನೊಂದು ದಾಟಿಕೊಂಡು ಹೋಗುವುದು ಬಿಡಿಬಿಡಿಯಾಗಿ ಕಾಣುತ್ತಿತ್ತು. ನಡುನಡುವೆ ಬಿಳಿಚಿದ ತುಣುಕು, ಕೀವು ತುಂಬಿದ ಸಣ್ಣ ಗುಳ್ಳೆ, ಹುಡುಗಿಯರ ಕೆನ್ನೆಯಲ್ಲಿ ಇರಬಾರದಷ್ಟು ದಪ್ಪ ರೋಮ. ಮೊದಲಿದ್ದ ಬಂಗು ಇವೆಲ್ಲದರ ಕೆಳಗೆ ಹಾಗೇ ಇತ್ತು, ಮೊದಲಿಗಿಂತ ಕಪ್ಪಾಗಿ.

ಆ ಟ್ಯೂಬಿನಲ್ಲಿ ಮೂರು ಔಷಧಗಳಿರುತ್ತವೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೆರಾಯ್ಡ್. ಈ ಜೋಡಣೆ ಕಂಡುಹಿಡಿದವರು ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್, 1975ರಲ್ಲಿ. ಅದು ಒಳ್ಳೆಯ ಔಷಧವೇ. ನಾನೂ ಬರೆಯುತ್ತೇನೆ, ಸೌಮ್ಯ ಸ್ಟೆರಾಯ್ಡ್ ಇರುವುದನ್ನು ಆರಿಸಿ, ಎಂಟು ವಾರದ ಲೆಕ್ಕ ಇಟ್ಟು, ನಡುವೆ ಕರೆಸಿ ನೋಡಿ. ಅಂಗಡಿಯಲ್ಲಿ ಕೇಳಿ ಪಡೆಯುವ ಅಗ್ಗದ ಟ್ಯೂಬುಗಳಲ್ಲಿ ಮುಖಕ್ಕೆ ಸಲ್ಲದಷ್ಟು ಬಲವಾದ ಸ್ಟೆರಾಯ್ಡ್ ಇರುತ್ತದೆ, ನಿಲ್ಲಿಸು ಎನ್ನುವವರೂ ಇರುವುದಿಲ್ಲ. ಸ್ಟೆರಾಯ್ಡ್ ಮೊದಮೊದಲು ರಕ್ತನಾಳಗಳನ್ನು ಕುಗ್ಗಿಸಿ, ಬಣ್ಣದ ತಯಾರಿಕೆಯನ್ನು ತಗ್ಗಿಸಿ ಮುಖವನ್ನು ಬೆಳ್ಳಗೆ ತೋರಿಸುತ್ತದೆ. ವಾರಗಳು ಕಳೆದ ಮೇಲೆ ಚರ್ಮ ಸವೆಯುತ್ತದೆ, ಕುಗ್ಗಿದ್ದ ನಾಳಗಳು ಹಿಗ್ಗಿ ಹಾಗೇ ಉಳಿಯುತ್ತವೆ. ಬಿಟ್ಟರೆ ಉರಿ, ಉರಿಯಿಂದ ಮತ್ತೆ ಬಣ್ಣ. ಹೈಡ್ರೊಕ್ವಿನೋನ್ ವರ್ಷಗಟ್ಟಲೆ ಹಚ್ಚಿದರೆ ಇನ್ನೊಂದು ಅಪಾಯ, ಓಕ್ರೊನೋಸಿಸ್ ಎಂಬ ನೀಲಿಗಪ್ಪು ಕಲೆ. ದಕ್ಷಿಣ ಆಫ್ರಿಕಾದ ಫಿಂಡ್ಲೆ ಎಂಬ ವೈದ್ಯರು ಅದನ್ನು 1975ರಲ್ಲೇ ಬರೆದಿಟ್ಟಿದ್ದರು. ಅದು ಬಂದರೆ ಅಳಿಸುವುದು ಬಂಗಿಗಿಂತ ಕಷ್ಟ.

ಈ ಹುಡುಗಿ ಒಬ್ಬಳೇ ಅಲ್ಲ. ದೇಶದ ಹಲವು ಊರುಗಳ ಚರ್ಮರೋಗ ವಿಭಾಗಗಳಿಗೆ ಮುಖದ ತೊಂದರೆಯೆಂದು ಬಂದ 2926 ಜನರನ್ನು ನಮ್ಮ ತಜ್ಞರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು, ಅರ್ಧಕ್ಕೂ ಹೆಚ್ಚು ಮಂದಿ ವೈದ್ಯರಲ್ಲದವರ ಮಾತು ಕೇಳಿ. ಚರ್ಮರೋಗ ವೈದ್ಯರ ನಮ್ಮ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾಯ್ದೆ ಬಂತು, ಟ್ಯೂಬು ಸಿಗುವುದು ನಿಂತಿಲ್ಲ. ಲೇಬಲ್ಲೇ ಇಲ್ಲದ ಡಬ್ಬಿಯ ಕ್ರೀಮುಗಳು ಇನ್ನೂ ಭೀಕರ. ಅವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳ್ಳಗಾಗುವ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟಿದ್ದನ್ನು ಅಲ್ಲಿನ ವೈದ್ಯರು ಗುರುತಿಸಿದರು. ಕೆನ್ನೆಗೆ ಹಚ್ಚಿದ್ದು ಕಿಡ್ನಿಗೆ ತಲುಪುತ್ತದೆಂದು ಹಚ್ಚುವಾಗ ಯಾರಿಗೆ ತಾನೇ ತೋಚೀತು?

ಕಪ್ಪೆಲ್ಲ ಚರ್ಮದ್ದೇ ಆಗಿರುವುದಿಲ್ಲ, ಕೆಲವು ಸಲ ಒಳಗಿನ ಸುದ್ದಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಮಖಮಲ್ಲಿನಂತೆ ಕಪ್ಪಾದರೆ ತಾಯಂದಿರು ಅದನ್ನು ಕೊಳೆ ಎಂದುಕೊಂಡು ಮಕ್ಕಳ ಕತ್ತು ಕೆಂಪಾಗುವಂತೆ ತಿಕ್ಕುತ್ತಾರೆ. ಅದು ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವುದರ ಗುರುತು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿರಬಹುದು. ಆ ಮಗುವಿಗೆ ಬೇಕಾದ್ದು ಸಕ್ಕರೆಯ ಪರೀಕ್ಷೆ, ಆಟ, ತೂಕ ಇಳಿಸುವ ಊಟ. ಕೈಬೆರಳ ಗೆಣ್ಣುಗಳ ಮೇಲೆ ಕಪ್ಪೇರುವುದು ಬಿ12 ವಿಟಮಿನ್ ಕೊರತೆಯಿಂದಿರಬಹುದು ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಸಂಗಡಿಗರು 1963ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮಾಂಸ, ಮೊಟ್ಟೆ ಮುಟ್ಟದ ನಮ್ಮ ಮನೆಗಳಲ್ಲಿ ಇದು ಇಂದಿಗೂ ಸಾಮಾನ್ಯ. ಬಿ12 ಕೊಟ್ಟರೆ ಕೆಲವು ತಿಂಗಳಲ್ಲಿ ಗೆಣ್ಣು ತಿಳಿಯಾಗುತ್ತದೆ, ಕೈಕಾಲಿನ ಜೋಮೂ ಇಳಿಯುತ್ತದೆ. ಅಂಗೈ ಗೆರೆಗಳೂ ಒಸಡೂ ಕಪ್ಪಾಗಿ, ಸುಸ್ತು ಹೆಚ್ಚಿ, ತೂಕ ಇಳಿಯುತ್ತಿದ್ದರೆ ಅಡ್ರಿನಲ್ ಗ್ರಂಥಿಯನ್ನು ನೋಡಿಸಬೇಕು. ಅಂಗಾಲಿನಲ್ಲೋ ಅಂಗೈಯಲ್ಲೋ ಉಗುರಿನ ಕೆಳಗೋ ಹೊಸದಾಗಿ ಕಪ್ಪು ಮಚ್ಚೆ ಮೂಡಿ, ಅಂಚು ಅಡ್ಡಾದಿಡ್ಡಿಯಾಗಿ ಹರಡುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಒಂದು ವಾರವೂ ಕಾಯಬೇಡಿ. ನಮ್ಮಲ್ಲಿ ಅಪರೂಪವಾದರೂ ಮೆಲನೋಮ ಎಂಬ ಕ್ಯಾನ್ಸರ್ ಕಾಣಿಸುವುದು ಇಂಥ ಜಾಗಗಳಲ್ಲೇ.

ಬಂಗಿಗೆ ಚಿಕಿತ್ಸೆ ಇದೆ. ಅಜೆಲಾಯಿಕ್ ಆಮ್ಲ, ಕೋಜಿಕ್ ಆಮ್ಲದಂಥ ಸೌಮ್ಯ ಮುಲಾಮುಗಳಿವೆ. ಮುಟ್ಟಿನ ರಕ್ತಸ್ರಾವ ತಡೆಯಲು ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬಂಗಿಗೂ ಕೊಡುತ್ತೇವೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲವೆಂದು ವಿಚಾರಿಸಿಕೊಂಡ ಮೇಲೆ. ಚರ್ಮದ ಮೇಲ್ಪದರ ಹೊಸದಾಗಲು ಹೆಚ್ಚುಕಡಿಮೆ ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಮೇಲ್ಪದರದಲ್ಲಿರುವ ಬಣ್ಣ ಬೇಗ ಮಾಸುತ್ತದೆ, ಒಳಪದರಕ್ಕೆ ಇಳಿದದ್ದು ಬಹಳ ನಿಧಾನ. ಎರಡು ಮೂರು ತಿಂಗಳಿಗೆ ಮೊದಲು ಫಲ ಕಾಣುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ತಿಳಿಯಾದ ಬಂಗು ಬೇಸಿಗೆಯಲ್ಲಿ ಮತ್ತೆ ಇಣುಕುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಲೇಸರ್ ಮಾಡಿಸಿ ಎಂದು ದುಡ್ಡು ಹಿಡಿದು ಬರುವವರಿಗೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಕಂದು ಚರ್ಮದಲ್ಲಿ ಲೇಸರಿನ ಬಿಸಿಯೂ ಒಂದು ಪೆಟ್ಟು. ಅದರಿಂದಲೇ ಬಂಗು ಇಮ್ಮಡಿಯಾಗಿ ಬಂದವರಿದ್ದಾರೆ.

ಮನೆಯಲ್ಲಿರುವ ಟ್ಯೂಬನ್ನು ಇವತ್ತೇ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಕಣ್ಣಿಗೆ ಹತ್ತದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಓದಿಸಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದೊಂದು ಇದ್ದರೂ ಅದು ಸ್ಟೆರಾಯ್ಡ್. ವೈದ್ಯರು ಬರೆಯದೆ ಅದನ್ನು ಮುಖಕ್ಕೆ ಹಚ್ಚಬೇಡಿ, ನೆರೆಮನೆಯವರಿಗೂ ಕೊಡಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಹೆದರಿ ಒಮ್ಮೆಲೇ ಬಿಸಾಡಬೇಡಿ, ಉರಿ ತಡೆಯಲಾಗದೆ ಮತ್ತೆ ಅದನ್ನೇ ತರಿಸುತ್ತೀರಿ. ಟ್ಯೂಬನ್ನು ಕೈಚೀಲದಲ್ಲಿ ಹಾಕಿಕೊಂಡು ಹತ್ತಿರದ ಚರ್ಮರೋಗ ವೈದ್ಯರಲ್ಲಿಗೆ ಹೋಗಿ. ಜಿಲ್ಲಾ ಆಸ್ಪತ್ರೆಗೆ ಹೋದರೂ ಆದೀತು. ಯಾವ ಔಷಧ, ಎಷ್ಟು ದಿನ ಹಚ್ಚಿದ್ದೀರಿ ಎಂಬುದು ತಿಳಿದರೆ ಅದನ್ನು ಹಂತಹಂತವಾಗಿ ಬಿಡಿಸಬಹುದು. ಆ ಹುಡುಗಿಗೆ ಬಿಡಿಸಲು ಏಳು ತಿಂಗಳು ಹಿಡಿಯಿತು. ಮದುವೆ ಮುಂದೆ ಹೋಗಲಿಲ್ಲ. ನಡುವೆ ಉರಿ ಏರಿದಾಗಲೆಲ್ಲ ಅವಳ ತಾಯಿ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಕೆನ್ನೆಗೆ ಇಡುತ್ತಿದ್ದರು, ಆ ಟ್ಯೂಬನ್ನು ಮಾತ್ರ ಮತ್ತೆ ಕೊಡಲಿಲ್ಲ.